ಎಷ್ಟು ನಿಮಿಷಕ್ಕೆ ಕತ್ತಲೆ?

ವಿಂಡೋಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಪವರ್ ಎಂದು ಒತ್ತಿ. ಯಾರೂ ಮುಟ್ಟದೆ ಇಷ್ಟು ಹೊತ್ತಾದರೆ ಮಾನಿಟರ್ ಆರಿಸು ಎಂದು ಹೇಳುವ ಜಾಗ ಅಲ್ಲಿದೆ. 1 ನಿಮಿಷ, 2, 3, 5, 10, 15 ಎನ್ನುತ್ತಾ ಪಟ್ಟಿ ಗಂಟೆಗಳವರೆಗೂ ಇಳಿಯುತ್ತದೆ. ಕಟ್ಟಕಡೆಗೆ ‘ನೆವರ್’, ಅಂದರೆ ಎಂದಿಗೂ ಬೇಡ. ಮ್ಯಾಕ್‌ನವರಿಗೆ ಇದೇ ಪಟ್ಟಿ ‘ಲಾಕ್ ಸ್ಕ್ರೀನ್’ ವಿಭಾಗದಲ್ಲಿ ಸಿಗುತ್ತದೆ. ಲಿನಕ್ಸ್‌ನ ಗ್ನೋಮ್ ಬಳಸುವವರಿಗೆ ಪವರ್ ವಿಭಾಗದಲ್ಲಿ ‘ಸ್ಕ್ರೀನ್ ಬ್ಲ್ಯಾಂಕ್’ ಎಂಬ ಹೆಸರಿನಲ್ಲಿದೆ. ದಾರಿ ಇಷ್ಟೇ, ಅರ್ಧ ನಿಮಿಷದ ಕೆಲಸ. ಆದರೆ ಪಟ್ಟಿಯ ಮುಂದೆ ಕೂತಾಗ ಬೆರಳು ತಡೆಯುತ್ತದೆ. ಐದೋ? ಹತ್ತೋ? ಹೆಚ್ಚಿನವರು ಮೊದಲಿಂದ ಏನಿತ್ತೋ ಅದನ್ನೇ ಬಿಟ್ಟು ಹೊರಬರುತ್ತಾರೆ. ಪರದೆ ಕಪ್ಪಾಗುವುದನ್ನು ಕಂಡರೆ ಸಿಡುಕುವವರು ‘ನೆವರ್’ ಒತ್ತಿ ನಿಶ್ಚಿಂತರಾಗುತ್ತಾರೆ.

ಸಿಡುಕಿಗೆ ಕಾರಣವಿದೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಕಣ್ಣಿಲ್ಲ. ಕೊನೆಯ ಸಲ ಕೀಲಿ ಒತ್ತಿದ್ದು ಯಾವಾಗ, ಮೌಸ್ ಅಲುಗಿದ್ದು ಯಾವಾಗ ಎಂಬುದಷ್ಟೇ ಅದಕ್ಕೆ ಗೊತ್ತು. ಅಲ್ಲಿಂದಾಚೆಗೆ ಕಳೆದ ಸೆಕೆಂಡುಗಳನ್ನು ಎಣಿಸುತ್ತಿರುತ್ತದೆ. ಮೌಸ್ ಒಂದು ಕೂದಲೆಳೆಯಷ್ಟು ಸರಿದರೂ ಎಣಿಕೆ ಮತ್ತೆ ಸೊನ್ನೆಗೆ. ನೀವು ಕೈಕಟ್ಟಿ ಕೂತು ಒಂದು ಸರ್ಕಾರಿ ಆದೇಶದ ಗೋಜಲು ವಾಕ್ಯವನ್ನು ಮೂರನೆಯ ಬಾರಿ ಓದುತ್ತಿರಬಹುದು, ಫೋನಿನಲ್ಲಿ ಮಾತಾಡುತ್ತಿರಬಹುದು, ಕಾಫಿಗೆ ಎದ್ದು ಹೋಗಿರಬಹುದು. ಯಂತ್ರದ ಲೆಕ್ಕದಲ್ಲಿ ಮೂರೂ ಒಂದೇ. ಸಿನಿಮಾ ನೋಡುವಾಗ ಪರದೆ ಆರುವುದಿಲ್ಲವಲ್ಲ ಎಂದರೆ, ಅದು ಕಂಪ್ಯೂಟರಿನ ಜಾಣತನವಲ್ಲ. ವಿಡಿಯೋ ತೋರಿಸುವ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆಗೆ ‘ಸದ್ಯಕ್ಕೆ ಆರಿಸಬೇಡ’ ಎಂದು ಅರ್ಜಿ ಕೊಟ್ಟಿರುತ್ತದೆ.

ಪರದೆಯನ್ನು ತಾನಾಗಿ ಕಪ್ಪು ಮಾಡುವ ಯೋಚನೆ ಮೊದಲು ಹುಟ್ಟಿದ್ದು ವಿದ್ಯುತ್ ಉಳಿಸಲಿಕ್ಕಲ್ಲ, ಗಾಜು ಉಳಿಸಲಿಕ್ಕೆ. ಹಳೆಯ ಡಬ್ಬಿ ಮಾನಿಟರಿನ ಹಿಂತುದಿಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊಮ್ಮುತ್ತಿದ್ದವು. ಬಣ್ಣದ ಮಾನಿಟರುಗಳಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚಿನ ಸೆಳೆತಕ್ಕೆ ಸಿಕ್ಕಿ, ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಪುಡಿಗೆ ಬಡಿದು ಬೆಳಕಾಗುತ್ತಿದ್ದವು. ಒಂದೇ ಜಾಗಕ್ಕೆ ತಿಂಗಳಾನುಗಟ್ಟಲೆ ಬಡಿದರೆ ಅಲ್ಲಿನ ಪುಡಿ ಸವೆಯುತ್ತಿತ್ತು. ರೈಲ್ವೆ ಬುಕಿಂಗ್ ಕೌಂಟರು, ಬ್ಯಾಂಕುಗಳಲ್ಲಿ ಮಾನಿಟರ್ ಆರಿಸಿದ ಮೇಲೂ ಅದೇ ಮೆನುವಿನ ಮಸುಕು ಅಕ್ಷರಗಳು ಗಾಜಿನಲ್ಲಿ ಕಾಣುತ್ತಿದ್ದುದು ಕೆಲವರಿಗಾದರೂ ನೆನಪಿರಬೇಕು. ಇದನ್ನು ತಪ್ಪಿಸಲು ಜಾನ್ ಸೋಚಾ ಎಂಬ ಪ್ರೋಗ್ರಾಮರ್ ಒಂದು ಪುಟ್ಟ ತಂತ್ರಾಂಶ ಬರೆದು 1983ರ ಡಿಸೆಂಬರಿನ ‘ಸಾಫ್ಟಾಕ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಐಬಿಎಂ ಪಿಸಿಯ ಪರದೆ ಕಪ್ಪಾಗುತ್ತಿತ್ತು. ಸ್ಕ್ರೀನ್ ಸೇವರ್ ಎಂಬ ಸಂತತಿ ಶುರುವಾದದ್ದು ಅಲ್ಲಿಂದ.

ಆಮೇಲೆ ಅದು ಮನರಂಜನೆಯಾಯಿತು. 1989ರ ‘ಆಫ್ಟರ್ ಡಾರ್ಕ್’ ಬಂದ ಮೇಲೆ ರೆಕ್ಕೆ ಬಂದ ಟೋಸ್ಟರುಗಳು ಹಾರಾಡಿದವು. ವಿಂಡೋಸ್ 98ರ ಕಾಲಕ್ಕೆ ನಮ್ಮೂರುಗಳ ಸೈಬರ್ ಕೆಫೆಗಳಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಬಣ್ಣಬಣ್ಣದ ಪೈಪುಗಳು ತಾವಾಗಿ ಬೆಳೆದು ಪರದೆ ತುಂಬುತ್ತಿದ್ದುದನ್ನು ಜನ ಬಾಯಿಬಿಟ್ಟು ನೋಡುತ್ತಿದ್ದರು. ಕರೆಂಟು ಉಳಿಯುತ್ತದೆ ಎಂದೇ ಬಹಳ ಮಂದಿಯ ನಂಬಿಕೆ. ಉಳಿಯುತ್ತಿರಲಿಲ್ಲ. ಮಾನಿಟರ್ ಎಂದಿನಂತೆ ಉರಿಯುತ್ತಿತ್ತು, ಪೈಪು ಬಿಡಿಸುವ ಲೆಕ್ಕಕ್ಕೆ ಪ್ರೊಸೆಸರ್ ಬೇರೆ ದುಡಿಯುತ್ತಿತ್ತು.

ವಿದ್ಯುತ್ತಿನ ಲೆಕ್ಕ ಶುರುವಾದದ್ದು 1992ರಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ವರ್ಷ ‘ಎನರ್ಜಿ ಸ್ಟಾರ್’ ಎಂಬ ಗುರುತು ತಂದಿತು. ಅದರ ಮೊದಲ ಸರಕು ಫ್ರಿಜ್ಜೂ ಅಲ್ಲ, ಎಸಿಯೂ ಅಲ್ಲ. ಕಂಪ್ಯೂಟರು ಮತ್ತು ಮಾನಿಟರು. ಕೆಲಸವಿಲ್ಲದಾಗ 30 ವ್ಯಾಟಿಗೆ ಇಳಿಯಬೇಕು ಎಂಬುದು ಷರತ್ತು. ಅದೇ ವರ್ಷ ಸ್ವೀಡನ್ನಿನ ನೌಕರರ ಒಕ್ಕೂಟ ಟಿಸಿಒ ಕೂಡ ಮಾನಿಟರುಗಳಿಗೆ ತನ್ನದೊಂದು ಗುರುತು ಹೊರಡಿಸಿತು. ಪರದೆಯ ಮುಂದೆ ದಿನವಿಡೀ ಕೂರುವವರ ಸಂಘ ಅದು. ವಿಕಿರಣದ ಮಿತಿಯ ಜೊತೆಗೆ ತಾನಾಗಿ ಆರುವ ಗುಣವನ್ನೂ ಕೇಳಿತು. 1993ರ ಏಪ್ರಿಲಿನಲ್ಲಿ ಅಧ್ಯಕ್ಷ ಕ್ಲಿಂಟನ್, ಸರ್ಕಾರಿ ಕಚೇರಿಗಳು ಎನರ್ಜಿ ಸ್ಟಾರ್ ಇರುವ ಕಂಪ್ಯೂಟರುಗಳನ್ನೇ ಕೊಳ್ಳಬೇಕೆಂದು ಆದೇಶಿಸಿದರು. ಅಂಥ ದೊಡ್ಡ ಗಿರಾಕಿ ಹಾಗೆಂದ ಮೇಲೆ ತಯಾರಕರು ಸಾಲುಗಟ್ಟಿದರು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರುಗಳಲ್ಲೂ ಸ್ವಿಚ್ ಹಾಕಿದೊಡನೆ ಕಪ್ಪು ಪರದೆಯ ಬಲ ಮೂಲೆಯಲ್ಲಿ ಆ ನಕ್ಷತ್ರದ ಚಿತ್ರ ಮೂಡುತ್ತಿತ್ತು.

ಈಗ ಒಂದು ತಾಂತ್ರಿಕ ತೊಡಕು. ‘ಮಲಗು’ ಎಂದು ಮಾನಿಟರಿಗೆ ಹೇಳುವುದು ಹೇಗೆ? ಆಗಿನ ವಿಜಿಎ ಕೇಬಲ್ಲಿನ ಹದಿನೈದು ಪಿನ್ನುಗಳಲ್ಲಿ ಆ ಕೆಲಸಕ್ಕೆಂದೇ ಒಂದು ತಂತಿ ಇರಲಿಲ್ಲ. ಹೊಸ ತಂತಿ ಸೇರಿಸಿದರೆ ಲೋಕದ ಕೇಬಲ್ಲುಗಳೆಲ್ಲ ಹಳತಾಗುತ್ತವೆ. ವೀಸಾ ಎಂಬ ತಯಾರಕರ ಸಂಘ (ಪರದೇಶಕ್ಕೆ ಹೋಗುವ ವೀಸಾ ಅಲ್ಲ, ವಿಡಿಯೋ ಎಲೆಕ್ಟ್ರಾನಿಕ್ಸ್ ಮಾನಕಗಳ ಸಂಘ) 1993ರಲ್ಲಿ ಇದಕ್ಕೊಂದು ಉಪಾಯ ಹೂಡಿತು. ಅದನ್ನು ಡಿಪಿಎಂಎಸ್ ಎನ್ನುತ್ತಾರೆ. ಕೇಬಲ್ಲಿನಲ್ಲಿ ಬಣ್ಣದ ತಂತಿಗಳ ಜೊತೆಗೆ ತಾಳ ಹಿಡಿಯುವ ಎರಡು ತಂತಿಗಳಿದ್ದವು. 13ನೆಯ ಪಿನ್ನಿನದು ಪ್ರತಿ ಅಡ್ಡಗೆರೆ ಮುಗಿದಾಗ ಒಂದು ಮಿಡಿತ ಕೊಡುತ್ತಿತ್ತು. ಸಾಮಾನ್ಯ ವಿಜಿಎ ಪರದೆಗೆ ಸೆಕೆಂಡಿಗೆ ಸುಮಾರು 31,500 ಸಲ. 14ನೆಯದು ಇಡೀ ಚಿತ್ರ ಮುಗಿದಾಗ ಒಂದು ಮಿಡಿತ, ಸೆಕೆಂಡಿಗೆ ಸುಮಾರು 60 ಸಲ. ಎರಡೂ ಮಿಡಿಯುತ್ತಿದ್ದರೆ ಎಚ್ಚರ. ಅಡ್ಡಗೆರೆಯ ತಾಳ ನಿಂತರೆ ಸ್ಟ್ಯಾಂಡ್‌ಬೈ, ಚಿತ್ರದ ತಾಳ ನಿಂತರೆ ಸಸ್ಪೆಂಡ್, ಎರಡೂ ನಿಂತರೆ ಆಫ್. ಮಾತಿಲ್ಲದ ಜಾಗದಲ್ಲಿ ಮೌನವನ್ನೇ ಮಾತಾಗಿಸಿದ ಈ ಉಪಾಯ ನನ್ನ ಮಟ್ಟಿಗೆ ಇಡೀ ಕಥೆಯ ಅತಿ ಚಂದದ ಭಾಗ. ಇನ್ನೊಂದು ಲಾಭ ಪುಕ್ಕಟೆ ಸಿಕ್ಕಿತು: ಕಂಪ್ಯೂಟರ್ ಆರಿಸಿ ಮಾನಿಟರಿನ ಗುಂಡಿ ಮರೆತು ಹೋದರೂ ತಾಳಗಳೆರಡೂ ನಿಲ್ಲುವುದರಿಂದ ಅದು ತಾನಾಗಿ ಮಲಗುತ್ತಿತ್ತು.

ನಡುವಿನ ಎರಡು ಮೆಟ್ಟಿಲು ಯಾಕೆ ಬೇಕಿತ್ತು ಎಂದರೆ ಡಬ್ಬಿ ಮಾನಿಟರ್ ಏಳುವುದು ನಿಧಾನ. ಹಿಂತುದಿಯ ತಂತು ಕಾದ ಮೇಲೆಯೇ ಚಿತ್ರ. ಹಗುರ ನಿದ್ದೆಯಲ್ಲಿ ತಂತುವನ್ನು ಬೆಚ್ಚಗಿಟ್ಟುಕೊಂಡರೆ ಬೇಗ ಏಳಬಹುದು, ಉಳಿತಾಯ ಕಡಿಮೆ. ಪೂರ್ತಿ ಆರಿಸಿದರೆ ಉಳಿತಾಯ ಹೆಚ್ಚು, ಏಳಲು ತಡ. ವಿಂಡೋಸ್ 95ರ ಸ್ಕ್ರೀನ್ ಸೇವರ್ ಪುಟದ ಕೆಳಗೆ ಎರಡು ಬೇರೆ ಬೇರೆ ನಿಮಿಷಗಳನ್ನು ತುಂಬುವ ಚೌಕಗಳಿದ್ದದ್ದು ಇದಕ್ಕೇ. ಇಂದಿನ ಎಲ್‌ಸಿಡಿಗೆ ಕಾಯಿಸುವ ತಂತುವಿಲ್ಲ, ಎರಡು ಮೂರು ಸೆಕೆಂಡಿನಲ್ಲಿ ಎದ್ದು ಕೂರುತ್ತದೆ. ಮೆಟ್ಟಿಲುಗಳು ಹೆಸರಿಗಷ್ಟೇ ಉಳಿದಿವೆ.

ಎಲ್‌ಸಿಡಿ ಬಂದಾಗ ಇನ್ನೊಂದು ನಂಬಿಕೆಯೂ ತಲೆಕೆಳಗಾಯಿತು. ಕಪ್ಪು ಹಿನ್ನೆಲೆ ಇಟ್ಟರೆ ಕರೆಂಟು ಉಳಿಯುತ್ತದೆ ಎಂಬುದು ಡಬ್ಬಿ ಮಾನಿಟರಿನಲ್ಲಿ ನಿಜವೇ ಆಗಿತ್ತು; ಎಲೆಕ್ಟ್ರಾನು ಬಡಿಯದಿದ್ದರೆ ಖರ್ಚೂ ಕಡಿಮೆ. ಆ ಲೆಕ್ಕದ ಮೇಲೆ 2007ರಲ್ಲಿ ‘ಬ್ಲ್ಯಾಕಲ್’ ಎಂಬ ಕಪ್ಪು ಹುಡುಕುತಾಣವೇ ಹುಟ್ಟಿತು. ಆದರೆ ಅಷ್ಟರಲ್ಲಿ ಮೇಜುಗಳ ಮೇಲೆ ಎಲ್‌ಸಿಡಿಗಳು ಬಂದು ಕೂತಿದ್ದವು. ಎಲ್‌ಸಿಡಿಯ ಹಿಂದೆ ದೀಪ ಒಂದೇ ಸಮನೆ ಉರಿಯುತ್ತದೆ, ಮುಂದಿರುವ ದ್ರವಹರಳಿನ ಪದರ ಅದನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂಬುದನ್ನಷ್ಟೇ ನೋಡಿಕೊಳ್ಳುತ್ತದೆ. ಕಪ್ಪು ಕಂಡಲ್ಲಿ ಬೆಳಕು ಹುಟ್ಟಿಲ್ಲವೆಂದಲ್ಲ, ಹುಟ್ಟಿ ವ್ಯರ್ಥವಾಗಿದೆ. ಹಾಗಾಗಿ ಎಲ್‌ಸಿಡಿಯಲ್ಲಿ ಉಳಿತಾಯಕ್ಕೆ ದಾರಿ ಎರಡೇ: ಬ್ರೈಟ್‌ನೆಸ್ ತಗ್ಗಿಸುವುದು, ಇಲ್ಲವೇ ಆ ದೀಪವನ್ನೇ ಆರಿಸುವುದು. ಒಎಲ್‌ಇಡಿಯಲ್ಲಿ ಮಾತ್ರ ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ ಕಪ್ಪಿಗೆ ಮತ್ತೆ ಬೆಲೆ ಬಂದಿದೆ. ಅದರ ಜೊತೆ ಒಂದೇ ಚಿತ್ರ ಗಾಜಿಗೆ ಅಚ್ಚಾಗುವ ಹಳೆಯ ಕಾಟವೂ ವಾಪಸ್ಸು ಬಂದಿದೆ.

ಸರಿ, ದೀಪ ಆರಿಸೋಣ. ಎಷ್ಟು ನಿಮಿಷಕ್ಕೆ?

ಬೆಂಗಳೂರಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿದೆ ಎನ್ನಿ. ಎಂಜಿನ್ ಆಫ್ ಮಾಡಬೇಕೋ ಬೇಡವೋ? ಕಂಬದ ಮೇಲೆ ಕೆಂಪು ಅಂಕಿ 90 ಎಂದು ಇಳಿಯುತ್ತಿದ್ದರೆ ಚಾಲಕ ಯೋಚನೆಯೇ ಮಾಡದೆ ಆಫ್ ಮಾಡುತ್ತಾನೆ. 5 ಎಂದಿದ್ದರೆ ಹಾಗೇ ಇರುತ್ತಾನೆ. ಅಂಕಿ ಕೆಟ್ಟು ನಿಂತಿದ್ದರೆ? ಆಗ ಆಫ್ ಮಾಡಿದ ಮರುಕ್ಷಣವೇ ಹಸಿರು ಬಂದು ಹಿಂದಿನವರು ಹಾರನ್ ಹೊಡೆಯಬಹುದು. ಆಫ್ ಮಾಡದಿದ್ದರೆ ಎರಡು ನಿಮಿಷ ಗ್ಯಾಸು ಸುಮ್ಮನೆ ಉರಿಯಬಹುದು. ಮಾನಿಟರಿನ ಪಾಡೂ ಇದೇ. ನೀವು ಯಾವಾಗ ವಾಪಸ್ಸು ಬರುತ್ತೀರಿ ಎಂಬ ಅಂಕಿ ಅದಕ್ಕೆ ಕಾಣುವುದಿಲ್ಲ.

ಮುಂದೇನಾಗುತ್ತದೆ ಎಂದು ತಿಳಿಯದೆ ನಿರ್ಧಾರ ಮಾಡಬೇಕಾದ ಇಂಥ ಸಮಸ್ಯೆಗಳಿಗೆ ಗಣಕವಿಜ್ಞಾನದಲ್ಲಿ ಒಂದು ಅಚ್ಚುಕಟ್ಟಾದ ಉತ್ತರವಿದೆ. 1988ರಲ್ಲಿ ಆನಾ ಕಾರ್ಲಿನ್ ಮತ್ತು ಮೂವರು ಸಹೋದ್ಯೋಗಿಗಳು ಹಲವು ಪ್ರೊಸೆಸರುಗಳಿರುವ ಯಂತ್ರದ ಸ್ಮೃತಿಯ ಬಗ್ಗೆ ಬರೆದ ಪ್ರಬಂಧದ ತಿರುಳಲ್ಲಿ ಅದು ಇತ್ತು. ಈಗ ಅದನ್ನು ‘ಸ್ಕೀ ಬಾಡಿಗೆ ಸಮಸ್ಯೆ’ ಎನ್ನುತ್ತಾರೆ: ಹಿಮದ ಮೇಲೆ ಎಷ್ಟು ದಿನ ಜಾರುತ್ತೇನೋ ಗೊತ್ತಿಲ್ಲದವ ಸಲಕರಣೆಯನ್ನು ಬಾಡಿಗೆಗೆ ತರಬೇಕೋ, ಕೊಂಡೇಬಿಡಬೇಕೋ? ಉತ್ತರ ಹೀಗಿದೆ. ಕೊಟ್ಟ ಬಾಡಿಗೆಯ ಮೊತ್ತ ಕೊಳ್ಳುವ ಬೆಲೆಗೆ ಸಮನಾಗುವವರೆಗೆ ಬಾಡಿಗೆ ಕೊಡು, ಆಮೇಲೆ ಕೊಂಡುಬಿಡು. ಮಾನಿಟರಿನ ಮಾತಿನಲ್ಲಿ: ಮತ್ತೆ ಎಬ್ಬಿಸುವುದಕ್ಕೆ ಎಷ್ಟು ಖರ್ಚೋ ಅಷ್ಟು ಖರ್ಚಾಗುವವರೆಗೆ ಉರಿಯುತ್ತಾ ಕಾಯಿ, ಆಮೇಲೆ ಆರಿಸು. ಅದಕ್ಕೂ ಮುಂಚೆ ನೀವು ಬಂದರೆ ನಷ್ಟವೇ ಇಲ್ಲ. ತಡವಾಗಿ ಬಂದರೆ ಕಾದ ಖರ್ಚು, ಎಬ್ಬಿಸುವ ಖರ್ಚು ಎರಡೂ ಬೀಳುತ್ತವೆ. ಭವಿಷ್ಯ ಬಲ್ಲವನಾದರೆ ಮೊದಲೇ ಆರಿಸಿ ಎಬ್ಬಿಸುವ ಖರ್ಚೊಂದನ್ನೇ ಕೊಡುತ್ತಿದ್ದ. ಅಂದರೆ ಎಷ್ಟೇ ದುರದೃಷ್ಟವಿದ್ದರೂ ಆ ಸರ್ವಜ್ಞನ ಖರ್ಚಿನ ಎರಡರಷ್ಟನ್ನು ನೀವು ದಾಟುವುದಿಲ್ಲ. ನಡುವೆ ಮೆಟ್ಟಿಲುಗಳಿದ್ದರೂ ಈ ಎರಡರ ಮಿತಿ ಉಳಿಯುತ್ತದೆಂದು ಸ್ಯಾಂಡಿ ಇರಾನಿ, ಸಂದೀಪ್ ಶುಕ್ಲಾ, ರಾಜೇಶ್ ಗುಪ್ತಾ 2003ರಲ್ಲಿ ತೋರಿಸಿದರು. ಕಾಯುವ ಅವಧಿಯನ್ನು ಪ್ರತಿಸಲ ಪಗಡೆ ಹಾಕಿದಂತೆ ಬದಲಿಸಿದರೆ ಸರಾಸರಿ ಮಿತಿ ಸುಮಾರು 1.58ಕ್ಕೆ ಇಳಿಯುತ್ತದೆಂಬ ಪ್ರಮೇಯವೂ ಇದೆ. ಮನಸ್ಸಿಗೆ ಬಂದ ನಿಮಿಷಕ್ಕೆ ಆರುವ ಮಾನಿಟರನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೋ ನಾನರಿಯೆ.

ಈ ನಿಯಮವನ್ನು ವಿದ್ಯುತ್ತಿಗೆ ಮಾತ್ರ ಹಚ್ಚಿ ನೋಡಿ. 24 ಇಂಚಿನ ಎಲ್‌ಇಡಿ ಮಾನಿಟರ್ ಸುಮಾರು 20 ವ್ಯಾಟ್ ಎಳೆಯುತ್ತದೆ. ಎಬ್ಬಿಸಲು ಮೂರು ಸೆಕೆಂಡು ಎಂದರೆ, ಎಬ್ಬಿಸುವ ಖರ್ಚೂ ಮೂರು ಸೆಕೆಂಡು ಉರಿಯುವ ಖರ್ಚೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಕೈ ತೆಗೆದ ಮೂರನೆಯ ಸೆಕೆಂಡಿಗೆ ಪರದೆ ಆರಬೇಕು! ಅಂಥದ್ದನ್ನು ಯಾರೂ ಸಹಿಸರು. ಆದ್ದರಿಂದ ಇಲ್ಲಿ ನಿಜವಾದ ಖರ್ಚು ವಿದ್ಯುತ್ತಿನದಲ್ಲ, ಓದುತ್ತಿರುವಾಗ ಕತ್ತಲೆ ಕವಿದರೆ ಆಗುವ ಕಿರಿಕಿರಿಯದು. ಮೈಕ್ರೋಸಾಫ್ಟಿನ ಎಂಜಿನಿಯರುಗಳಿಗೂ ಇದು ಗೊತ್ತಿತ್ತು. ಪರದೆ ಆರಿದೊಡನೆ ನೀವು ಮೌಸ್ ಅಲುಗಿಸಿದರೆ ‘ಓ, ಇಲ್ಲೇ ಇದ್ದಾರೆ’ ಎಂದು ಮುಂದಿನ ಸಲ ಹೆಚ್ಚು ಹೊತ್ತು ಕಾಯುವ ಏರ್ಪಾಡು ವಿಂಡೋಸ್ 7ರಲ್ಲಿತ್ತು. ಅದಕ್ಕೆ ಸಂಬಂಧಿಸಿದ ಒಂದು ಅವಧಿಗೆ ವಿಂಡೋಸಿನ ಒಳಗಡತದಲ್ಲಿ ಇಟ್ಟ ಹೆಸರೇ ‘ಅನಾಯನ್ಸ್ ಟೈಮೌಟ್’.

ಕಿರಿಕಿರಿಗೆ ಬೆಲೆ ಕಟ್ಟುವುದು ಹೇಗೆ? ಪಟ್ಟಿಯಲ್ಲಿ ನೀವು ಆರಿಸಿದ ಅಂಕಿಯೇ ಆ ಬೆಲೆ. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿಯೋಣ. 20 ವ್ಯಾಟಿನ ಮಾನಿಟರ್ ಐದು ನಿಮಿಷ ಉರಿದರೆ ಸರಿಯಾಗಿ ಒಂದು ಪೈಸೆ. ಐದು ನಿಮಿಷಕ್ಕೆ ಇಟ್ಟವರು ತಮ್ಮ ಒಂದು ಸಲದ ಕಿರಿಕಿರಿಗೆ ಒಂದು ಪೈಸೆ ಬೆಲೆ ಕಟ್ಟಿದ್ದಾರೆ. ಅರ್ಧ ಗಂಟೆಗೆ ಇಟ್ಟವರು ಆರು ಪೈಸೆ. ಕಿರಿಕಿರಿಯ ನಿಜ ಬೆಲೆ ಅದಕ್ಕಿಂತ ಹೆಚ್ಚಲ್ಲವೇ ಎಂದು ನೀವು ಜಗಳಕ್ಕೆ ಬಂದರೆ ನಾನು ಒಪ್ಪಿಕೊಳ್ಳುತ್ತೇನೆ. ಐದಕ್ಕೂ ಹದಿನೈದಕ್ಕೂ ನಡುವಿನ ವ್ಯತ್ಯಾಸ ಎರಡೇ ಪೈಸೆ. ಅದಕ್ಕಾಗಿ ಓದು ಕೆಡಿಸಿಕೊಳ್ಳಬೇಡಿ.

ಆದರೆ ‘ನೆವರ್’ ಈ ಲೆಕ್ಕಕ್ಕೆ ಸೇರಿದ್ದೇ ಅಲ್ಲ. ಸಂಜೆ ಆರಕ್ಕೆ ಎದ್ದು ಹೋಗಿ ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಹದಿನೈದು ಗಂಟೆ: ಒಂದು ರೂಪಾಯಿ ಎಂಬತ್ತು ಪೈಸೆ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ 63 ಗಂಟೆ. ಮುನ್ನೂರು ಮಾನಿಟರಿನ ಕಚೇರಿಯಲ್ಲಿ ಖಾಲಿ ಕುರ್ಚಿಗಳಿಗೆ ಬೆಳಕು ತೋರಲು ಒಂದು ವಾರಾಂತ್ಯಕ್ಕೆ 378 ಯೂನಿಟ್. ಉಳಿತಾಯವೆಲ್ಲ ಇರುವುದು ಮರೆತುಹೋದ ಈ ಉದ್ದನೆಯ ಹೊತ್ತುಗಳಲ್ಲಿ, ಅದನ್ನು ಐದೂ ಹಿಡಿಯುತ್ತದೆ, ಮೂವತ್ತೂ ಹಿಡಿಯುತ್ತದೆ. ಪಟ್ಟಿಯಲ್ಲಿ ಕಿರಿಕಿರಿಯಾಗದಷ್ಟು ದೊಡ್ಡ ಅಂಕಿ ಯಾವುದೋ ಅದನ್ನಿಡಿ. ಕೊನೆಯ ಸಾಲನ್ನು ಮಾತ್ರ ಮುಟ್ಟಬೇಡಿ.

ಇನ್ನು ಎದ್ದು ಹೋಗುವುದು ನಿಮಗೆ ಮೊದಲೇ ಗೊತ್ತಿದ್ದರೆ ಊಹೆಯ ಅಗತ್ಯವೇ ಇಲ್ಲ. ವಿಂಡೋಸ್ ಕೀಲಿ ಹಿಡಿದು ಎಲ್ ಒತ್ತಿ. ಯಂತ್ರ ಲಾಕ್ ಆಗುತ್ತದೆ, ಲಾಕ್ ಆದ ಪರದೆ ಸಾಮಾನ್ಯವಾಗಿ ಒಂದೇ ನಿಮಿಷದಲ್ಲಿ ಆರುತ್ತದೆ. ಈ ಒಂದು ನಿಮಿಷ ಮೇಲಿನ ಪಟ್ಟಿಗೆ ಸಂಬಂಧಪಡದ ಬೇರೆಯೇ ಗಡಿಯಾರ, ಸೆಟ್ಟಿಂಗ್ಸ್‌ನಲ್ಲಿ ಕಾಣುವುದೂ ಇಲ್ಲ.

ಪರದೆ ಕಪ್ಪಾದರೆ ಕಂಪ್ಯೂಟರ್ ಮಲಗಿತು ಎಂದು ತಿಳಿಯುವುದೂ ಸಾಮಾನ್ಯ. ಅದೂ ಬೇರೆ ಗಡಿಯಾರವೇ, ‘ಸ್ಲೀಪ್’ ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಇರುತ್ತದೆ. ಮೇಜಿನ ಕೆಳಗಿನ ಡಬ್ಬಿ ಸುಮ್ಮನಿದ್ದಾಗಲೂ ಮಾನಿಟರಿಗಿಂತ ಹೆಚ್ಚೇ ಎಳೆಯುತ್ತದೆ. ಅದರ ಕಡೆಗೂ ಒಮ್ಮೆ ಕಣ್ಣಾಡಿಸಿ.

ಎಲ್ಲ ಹೊಂದಿಸಿದ ಮೇಲೂ ಪರದೆ ಆರುತ್ತಿಲ್ಲ ಎಂಬ ದೂರು ಉಳಿಯುತ್ತದೆ. ಮೊದಲ ಅನುಮಾನ ಮೌಸಿನ ಮೇಲಿರಲಿ. ಕೆಳಗಿನ ಪುಟ್ಟ ಕ್ಯಾಮೆರಾದಿಂದ ಮೇಜಿನ ಚಿತ್ರ ತೆಗೆಯುತ್ತಲೇ ಇರುವ ಆಪ್ಟಿಕಲ್ ಮೌಸ್, ಹೊಳೆಯುವ ಗಾಜಿನ ಮೇಲಿದ್ದರೆ ಅಥವಾ ಅದೇ ಮೇಜಿನ ಮೇಲೆ ಟೇಬಲ್ ಫ್ಯಾನ್ ನಡುಗುತ್ತಿದ್ದರೆ, ಯಾರೂ ಮುಟ್ಟದೆಯೂ ತಾನು ಚಲಿಸಿದೆನೆಂದು ವರದಿ ಕೊಡಬಲ್ಲದು. ತಿರುಗಿಸಿಟ್ಟು ನೋಡಿ. ಅದೂ ಅಲ್ಲದಿದ್ದರೆ ಯಾವುದೋ ತಂತ್ರಾಂಶ ‘ಆರಿಸಬೇಡ’ ಅರ್ಜಿ ಕೊಟ್ಟು ವಾಪಸ್ಸು ಪಡೆಯುವುದನ್ನು ಮರೆತಿರಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ’ ಆಜ್ಞೆಗೆ ‘ರಿಕ್ವೆಸ್ಟ್ಸ್’ ಎಂಬ ಆಯ್ಕೆ ಸೇರಿಸಿ ಓಡಿಸಿದರೆ ಇಂಥ ಅರ್ಜಿಗಳ ಪಟ್ಟಿ ಬರುತ್ತದೆ. ಮೊದಲ ಶೀರ್ಷಿಕೆ ‘ಡಿಸ್‌ಪ್ಲೇ’. ಕೆಳಗೆ ‘ನನ್’ ಎಂದಿದ್ದರೆ ಯಾರೂ ತಡೆದಿಲ್ಲ. ಬ್ರೌಸರಿನ ಹೆಸರಿದ್ದರೆ ಅದರಲ್ಲಿ ಎಲ್ಲೋ ವಿಡಿಯೋ ಇನ್ನೂ ಓಡುತ್ತಿರಬಹುದು. ಆಫೀಸಿನ ಚಾಟ್‌ನಲ್ಲಿ ತಮ್ಮ ಹೆಸರಿನ ಹಸಿರು ಚುಕ್ಕಿ ಆರಬಾರದೆಂದು ಮೌಸ್ ಅಲುಗಿಸುವ ಪುಟ್ಟ ಯಂತ್ರ ಕೊಂಡಿಟ್ಟವರಿಗೆ ಈ ಪಟ್ಟಿಯಲ್ಲಿ ಉತ್ತರ ಸಿಗದು.

ಎರಡು ಮಾನಿಟರ್ ಇರುವವರ ಗೋಳು ಇದಕ್ಕೆ ತಿರುಗುಮುರುಗು: ಪರದೆ ಆರಿ ಮತ್ತೆ ಹತ್ತಿದಾಗ ತೆರೆದಿಟ್ಟ ಕಿಟಕಿಗಳೆಲ್ಲ ಒಂದೇ ಮಾನಿಟರಿಗೆ ಬಂದು ಗುಡ್ಡೆಯಾಗಿರುತ್ತವೆ. ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲಿ ‘ನಾನಿಲ್ಲಿದ್ದೇನೆ’ ಎಂದು ಮಾನಿಟರ್ ಹೇಳುವ ಒಂದು ತಂತಿಯಿದೆ. ಕೆಲವು ಮಾನಿಟರುಗಳು ಗಾಢ ನಿದ್ದೆಗೆ ಜಾರಿದಾಗ ಅದನ್ನೂ ಕೈಬಿಡುತ್ತವೆ. ಕೇಬಲ್ ಕಿತ್ತರೆಂದೇ ಕಂಪ್ಯೂಟರ್ ತಿಳಿಯುತ್ತದೆ. ಮಾನಿಟರಿನದೇ ಮೆನುವಿನಲ್ಲಿ ‘ಡೀಪ್ ಸ್ಲೀಪ್’ ಇದ್ದರೆ ಅದನ್ನು ತೆಗೆಯಿರಿ. ವಿಂಡೋಸ್ 11ರ ಡಿಸ್‌ಪ್ಲೇ ವಿಭಾಗದಲ್ಲೂ ಕಿಟಕಿಗಳ ಜಾಗ ನೆನಪಿಟ್ಟುಕೊಳ್ಳುವ ಆಯ್ಕೆಯಿದೆ.

ಮಲಗಿದ ಮಾನಿಟರ್ ಎಷ್ಟು ತಿನ್ನುತ್ತದೆ? ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೀಯರ್, ಸುಮ್ಮನಿರುವ ಯಾವ ಉಪಕರಣವೂ ಒಂದು ವ್ಯಾಟ್ ದಾಟಬಾರದು ಎಂಬ ವಾದವನ್ನು 1998ರಲ್ಲಿ ಮುಂದಿಟ್ಟರು. ಯುರೋಪಿನ ಕಾನೂನು 2010ರಲ್ಲಿ ಅದನ್ನೇ ಮಿತಿ ಮಾಡಿತು, 2013ರಲ್ಲಿ ಅರ್ಧ ವ್ಯಾಟಿಗೆ ಇಳಿಸಿತು. ಆ ಮಾರುಕಟ್ಟೆಗೆ ಮಾಡಿದ ಮಾಲೇ ಇಲ್ಲಿಗೂ ಬರುವುದರಿಂದ ನಮ್ಮ ಮೇಜಿನ ಮಾನಿಟರುಗಳಿಗೂ ಆ ಗುಣ ಬಂದಿದೆ. ಅರ್ಧ ವ್ಯಾಟ್ ವರ್ಷವಿಡೀ ಹರಿದರೆ ನಾಲ್ಕೂವರೆ ಯೂನಿಟ್ಟಿಗೂ ಕಡಿಮೆ, ಸುಮಾರು 26 ರೂಪಾಯಿ. ನಮ್ಮ ಗೋಡೆಯ ಪ್ಲಗ್ಗುಗಳಿಗೆ ಸ್ವಿಚ್ ಇರುವುದರಿಂದ ಅದನ್ನೂ ಉಳಿಸಬಹುದು. ಉಳಿಸಲೇಬೇಕೆಂದು ಹಟ ಬೇಡ. ಮಲೆನಾಡು, ಕರಾವಳಿಯವರ ಮಾತು ಬೇರೆ. ಗುಡುಗು ಸಿಡಿಲಿನ ದಿನಗಳಲ್ಲಿ ಅಲ್ಲಿ ಸ್ವಿಚ್ ಆರಿಸಿದರೂ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಜೊತೆಗೆ ಇಂಟರ್ನೆಟ್ಟಿನ ತಾಮ್ರದ ಕೇಬಲ್ಲನ್ನೂ.